ತೆರೆದ ಮೋಟಾರು

ಹಳೆಯದೆಂಬ ಒಂದೇ ಕಾರಣದಿಂದ ಯಾವ ವಸ್ತುವನ್ನೂ ಕೊಂಡಾಡುವ ಸ್ವಭಾವ ನನ್ನದಲ್ಲ. ಸೌದೆಯ ಒಲೆಯ ಮುಂದೆ ಕುಳಿತು, ಊದುಗೊಳವೆ ಹಿಡಿದು, ಕಣ್ಣು ಕೆಂಪಗೆ ಮಾಡಿಕೊಳ್ಳುತ್ತಿದ್ದ ತಾಯಿಯನ್ನು ಕಂಡವನು ನಾನು. ಮನೆಗೆ ಗ್ಯಾಸಿನ ಒಲೆ ಬಂದ ದಿನ ಆಕೆಯ ಮುಖದಲ್ಲಿ ಮೂಡಿದ ನೆಮ್ಮದಿಯನ್ನೂ ಕಂಡಿದ್ದೇನೆ. ‘ಆ ಕಾಲವೇ ಚೆನ್ನಾಗಿತ್ತು’ ಎಂದು ಯಾರಾದರೂ ನಿಟ್ಟುಸಿರಿಟ್ಟರೆ, ಆ ಕಾಲದಲ್ಲಿ ಪಾತ್ರೆ ತೊಳೆಯುತ್ತಿದ್ದವರು ಯಾರು ಎಂದು ಕೇಳಬೇಕೆನಿಸುತ್ತದೆ. ಇಂಥವನಾದ ನಾನು ಈಗ ಒಂದು ಹಳೆಯ ಮೋಟಾರಿನ ಪರವಾಗಿ ವಕಾಲತ್ತು ವಹಿಸಲು ಹೊರಟಿರುವುದು ನನಗೇ ಸೋಜಿಗವನ್ನುಂಟುಮಾಡಿದೆ. ಅದೂ ಎಂಥ ಮೋಟಾರು? ಗಟ್ಟಿಯಾದ ಮಾಡಿಲ್ಲದ, ಕಿಟಕಿಗಳಿಗೆ ಗಾಜಿಲ್ಲದ, ಮಳೆ ಬಂದರೆ ಒಳಗಿದ್ದವರು ನೆನೆಯಬೇಕಾದ ಮೋಟಾರು!

ನಾನು ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದಾಗ, ಎಂದರೆ 1970ರ ಸುಮಾರಿಗೆ, ಮಲೆನಾಡಿನ ನಮ್ಮ ಊರಿನ ಪಟೇಲರ ಮನೆಯ ಹಿಂದಣ ಕೊಟ್ಟಿಗೆಯಲ್ಲಿ ಒಂದು ಫೋರ್ಡ್ ಕಾರು ಬಿದ್ದಿತ್ತು. ‘ನಿಂತಿತ್ತು’ ಎನ್ನಲು ಅದಕ್ಕೆ ಟೈರುಗಳಿರಲಿಲ್ಲ; ನಾಲ್ಕು ದಪ್ಪ ಕಲ್ಲುಗಳ ಮೇಲೆ ಅದನ್ನು ಕೂರಿಸಿದ್ದರು. ಮೇಲಿನ ಬಟ್ಟೆಯ ಹೊದಿಕೆಯನ್ನು ಇಲಿಗಳು ಎಂದೋ ಮುಗಿಸಿದ್ದವು. ಹಿಂದಿನ ಆಸನದಲ್ಲಿ ಕೋಳಿಯೊಂದು ಮೊಟ್ಟೆಗೆ ಕಾವು ಕೊಡುತ್ತಿತ್ತು. ನಾವು ಹುಡುಗರು ಶಾಲೆ ಬಿಟ್ಟೊಡನೆ ಅಲ್ಲಿಗೆ ಓಡುತ್ತಿದ್ದೆವು. ಒಬ್ಬ ಚಾಲಕ, ಉಳಿದವರು ಪ್ರಯಾಣಿಕರು. ಕೋಳಿಗೆ ಟಿಕೆಟ್ಟು ಮಾಫಿ. ಚುಕ್ಕಾಣಿಯ ಮುಂದೆ ಕುಳಿತವನು ಬಾಯಲ್ಲೇ ಸದ್ದು ಮಾಡುತ್ತ ನಮ್ಮನ್ನೆಲ್ಲ ಬೆಂಗಳೂರಿಗೆ ಕರೆದೊಯ್ಯುತ್ತಿದ್ದ. ಬೆಂಗಳೂರನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲವಾದುದರಿಂದ ಅದು ಪ್ರತಿದಿನವೂ ಬೇರೆ ಬೇರೆಯಾಗಿರುತ್ತಿತ್ತು.

ಆ ಕಾರಿನ ಮುಂದಿನ ಗಾಲಿಯ ಮೇಲಣ ತಗಡಿನಲ್ಲಿ ಒಂದು ದೊಡ್ಡ ತಗ್ಗಿತ್ತು. ಅದರ ಕತೆ ಊರಿಗೆಲ್ಲ ಗೊತ್ತು. ಪಟೇಲರ ತಂದೆ ಕಾರನ್ನು ತಂದ ಮೊದಲ ದಿನ, ಡ್ರೈವರನನ್ನು ಪಕ್ಕಕ್ಕೆ ಸರಿಸಿ ತಾವೇ ಕುಳಿತರಂತೆ. ಊರಬಾಗಿಲಿನ ಕಲ್ಲುಕಂಬ ಹತ್ತಿರವಾದಾಗ ಚುಕ್ಕಾಣಿಯನ್ನು ಎದೆಯತ್ತ ಎಳೆದು ‘ಹೋ! ಹೋ!’ ಎಂದು ಕೂಗಿದರಂತೆ. ಎತ್ತಾಗಿದ್ದರೆ ನಿಲ್ಲುತ್ತಿತ್ತು.

ಅದು ಫೋರ್ಡ್ ಕಂಪನಿಯ ಟಿ ಮಾದರಿಯ ಟೂರಿಂಗ್ ಕಾರು. ಎರಡು ಸಾಲು ಆಸನಗಳು, ಐದು ಜನಕ್ಕೆ ಸ್ಥಳ, ಬೇಕೆಂದಾಗ ಬಿಚ್ಚಿ ಬೇಡವೆಂದಾಗ ಹಿಂದಕ್ಕೆ ಮಡಿಚಿಡಬಹುದಾದ ಬಟ್ಟೆಯ ಮೇಲ್ಹೊದಿಕೆ—ಇದನ್ನೇ ಆಗ ಟೂರಿಂಗ್ ಕಾರು ಎನ್ನುತ್ತಿದ್ದರು. ಟಿ ಮಾದರಿಯು 1908ರ ಅಕ್ಟೋಬರಿನಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಮಾರಾಟಕ್ಕೆ ಬಂದಿತು. 1927ರಲ್ಲಿ ಅದರ ತಯಾರಿಕೆ ನಿಲ್ಲುವ ವೇಳೆಗೆ ಅಂಥ ಒಂದೂವರೆ ಕೋಟಿ ಕಾರುಗಳು ಹೊರಬಿದ್ದಿದ್ದವು. ಆರಂಭದಲ್ಲಿ 850 ಡಾಲರಿದ್ದ ಬೆಲೆ 1920ರ ದಶಕದ ನಡುವೆ 300 ಡಾಲರಿಗೂ ಕೆಳಗಿಳಿಯಿತು. ಬ್ರಿಟಿಷ್ ಸಾಮ್ರಾಜ್ಯದ ದೇಶಗಳಿಗೆ ಬೇಕಾದ, ಬಲಗಡೆ ಚುಕ್ಕಾಣಿಯುಳ್ಳ ಕಾರುಗಳನ್ನು ಕೆನಡಾದ ಫೋರ್ಡ್ ಕಾರ್ಖಾನೆ ಕಳುಹಿಸುತ್ತಿತ್ತು. ನಮ್ಮ ದೇಶಕ್ಕೂ ಅವು ಬಂದದ್ದು ಹಾಗೆಯೇ. ಮಹಾರಾಜರ ರೋಲ್ಸ್ ರಾಯ್ಸ್ ಕಾರುಗಳ ವೈಭವ ಇದಕ್ಕಿರಲಿಲ್ಲ. ಅಮೆರಿಕದಲ್ಲಿ ಇದು ರೈತನ ಬಂಡಿ. ಕೆಸರುದಾರಿಯಲ್ಲಿ ಹೂತುಕೊಳ್ಳದಂತೆ ನೆಲದಿಂದ ಎತ್ತರವಾಗಿ ನಿಲ್ಲಿಸಿದ ಹಗುರವಾದ ಗಾಡಿ. ಗಾಲಿಗಳಿಗೆ ಎತ್ತಿನ ಗಾಡಿಯಂತೆ ಮರದ ಅರಗಳು. 1914ರಿಂದ 1925ರವರೆಗೆ ಕಪ್ಪು ಬಣ್ಣವೊಂದನ್ನೇ ಬಳಿಯುತ್ತಿದ್ದರು.

ಈ ಬಂಡಿಯ ಒಳಗುಟ್ಟನ್ನು ತಿಳಿದಾಗ ನನಗಾದ ಆನಂದ, ಹಳಗನ್ನಡದ ಕಠಿಣ ಪದ್ಯವೊಂದು ಅನ್ವಯವಾದಾಗ ಆಗುವ ಆನಂದಕ್ಕಿಂತ ಕಡಿಮೆಯದಲ್ಲ. ಅದರ ಎಂಜಿನ್ನಿಗೆ ನಾಲ್ಕು ಸಿಲಿಂಡರುಗಳು. ಶಕ್ತಿ 20 ಕುದುರೆಗಳದು. ನೀರನ್ನು ಸುತ್ತಿಸಲು ಪಂಪಿಲ್ಲ. ಕಾದ ನೀರು ಹಗುರವಾಗಿ ಮೇಲೇರುತ್ತದೆ, ರೇಡಿಯೇಟರಿನಲ್ಲಿ ತಣಿದು ಭಾರವಾಗಿ ಕೆಳಗಿಳಿಯುತ್ತದೆ, ಮತ್ತೆ ಎಂಜಿನ್ನಿಗೆ ಸೇರುತ್ತದೆ. ವಿಜ್ಞಾನದ ಪಾಠದಲ್ಲಿ ನೀವು ಓದುವ ಉಷ್ಣಸಂವಹನವೇ ಅಲ್ಲಿ ಆಳಿನ ಕೆಲಸ ಮಾಡುತ್ತದೆ. ಪೆಟ್ರೋಲಿಗೂ ಪಂಪಿಲ್ಲ. ಮುಂದಿನ ಆಸನದ ಕೆಳಗಿರುವ ತೊಟ್ಟಿಯಿಂದ ಅದು ತನ್ನ ಭಾರದಿಂದಲೇ ಎಂಜಿನ್ನಿಗೆ ಹರಿಯಬೇಕು. ತೊಟ್ಟಿಯಲ್ಲಿ ಎಷ್ಟಿದೆಯೆಂದು ತಿಳಿಯಬೇಕಾದರೆ ಆಸನವನ್ನೆತ್ತಿ ಕಡ್ಡಿ ಅದ್ದಿ ನೋಡಬೇಕು. ಕಡಿದಾದ ಏರಿನಲ್ಲಿ ಎಂಜಿನ್ನು ತೊಟ್ಟಿಗಿಂತ ಮೇಲಾಗಿಬಿಟ್ಟರೆ ಪೆಟ್ರೋಲು ಹರಿಯುವುದಿಲ್ಲ, ಗಾಡಿ ನಿಲ್ಲುತ್ತದೆ. ಆಗ ಅದನ್ನು ತಿರುಗಿಸಿ ಹಿಮ್ಮುಖವಾಗಿ ಗುಡ್ಡ ಹತ್ತಿಸುವುದೇ ಉಪಾಯ. ಕಾಲಿನ ಬಳಿ ಮೂರು ಪೆಡಲುಗಳಿವೆಯಾದರೂ ಈಗಿನ ಚಾಲಕನು ಅವುಗಳನ್ನು ನೆಚ್ಚಿ ಕುಳಿತರೆ ಕೆಟ್ಟ! ಎಡಗಡೆಯದು ಗೇರುಗಳದು, ನಡುವಿನದು ಹಿಂದಕ್ಕೆ ಹೋಗಲು, ಬಲಗಡೆಯದು ಬ್ರೇಕು. ವೇಗವನ್ನು ಹೆಚ್ಚಿಸುವುದು ಕಾಲಿನಿಂದಲ್ಲ, ಚುಕ್ಕಾಣಿಯ ಕೆಳಗಿರುವ ಸಣ್ಣ ಹಿಡಿಯಿಂದ. ಅದರ ಜೊತೆಯ ಇನ್ನೊಂದು ಹಿಡಿ, ಸಿಲಿಂಡರಿನೊಳಗೆ ಕಿಡಿ ಹಾರುವ ಗಳಿಗೆಯನ್ನು ಹಿಂದುಮುಂದು ಮಾಡುತ್ತದೆ.

ಇಷ್ಟನ್ನು ವಿವರಿಸಿದುದು ಪಾಂಡಿತ್ಯ ಪ್ರದರ್ಶನಕ್ಕಲ್ಲ. ನನ್ನ ವಾದದ ಬೇರು ಇಲ್ಲಿಯೇ ಇದೆ. ಈ ಕಾರನ್ನು ‘ತೆರೆದ’ ಕಾರು ಎನ್ನುವಾಗ ನಾವು ಅದರ ಮಾಡನ್ನು ಮಾತ್ರ ನೆನೆಯುತ್ತೇವೆ. ಅದರ ಬುದ್ಧಿಯೂ ತೆರೆದದ್ದೇ. ಯಾವುದು ಯಾವುದನ್ನು ತಿರುಗಿಸುತ್ತದೆ, ಏಕೆ ನಿಂತಿತು, ಹೇಗೆ ಹೊರಡೀತು ಎಂಬುದನ್ನು ಅಕ್ಷರ ಬಾರದ ರೈತನೂ ಕಣ್ಣಿಂದ ಕಂಡು, ಕೈಯಿಂದ ಮುಟ್ಟಿ ತಿಳಿಯಬಹುದಾಗಿತ್ತು. ನನ್ನ ಮಗನ ಕಾರು ನಿಸ್ಸಂದೇಹವಾಗಿ ಇದಕ್ಕಿಂತ ಸುರಕ್ಷಿತ, ಮಿತವ್ಯಯಿ, ಸುಖಕರ. ಆದರೆ ಅದು ಕೆಟ್ಟರೆ ಒಂದು ಹಳದಿ ದೀಪ ಹೊತ್ತಿಕೊಳ್ಳುತ್ತದೆ, ಅಷ್ಟೆ. ಏನು ಕೆಟ್ಟಿತೆಂದು ಅದು ನಮಗೆ ಹೇಳುವುದಿಲ್ಲ. ಕಾರ್ಖಾನೆಯವರು ತಂತಿ ಚುಚ್ಚಿ ಕೇಳಿದರೆ ಅವರ ಕಿವಿಯಲ್ಲಿ ಹೇಳುತ್ತದೆ.

ಮಾಡಿನ ವಿಷಯಕ್ಕೂ ಬರೋಣ. 1920ಕ್ಕೆ ಮೊದಲು ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಕಾರುಗಳಲ್ಲಿ ಬಹುಪಾಲು ತೆರೆದವು. ಆ ದಶಕ ಮುಗಿಯುವ ಹೊತ್ತಿಗೆ ಬಹುಪಾಲು ಮುಚ್ಚಿದವು. ಜನ ಬಿಸಿಲು, ಮಳೆ, ಧೂಳುಗಳಿಂದ ತಪ್ಪಿಸಿಕೊಳ್ಳಬಯಸಿದುದು ಸಹಜ, ಅದನ್ನು ಹಳಿಯಲಾರೆ. ಆದರೆ ಗಾಜು ಮೇಲೇರಿದಾಗ ಧೂಳಿನ ಜೊತೆಗೆ ಬೇರೆ ಕೆಲವೂ ಹೊರಗುಳಿದವು. ತೆರೆದ ಕಾರಿನಲ್ಲಿ ಕುಳಿತವನಿಗೆ ಗದ್ದೆಯ ಕೆಸರಿನ ವಾಸನೆ ತಿಳಿಯುತ್ತದೆ, ಆಲೆಮನೆ ಎಷ್ಟು ದೂರವಿದೆಯೆಂದು ಮೂಗೇ ಹೇಳುತ್ತದೆ. ದಾರಿಯಲ್ಲಿ ಸಿಕ್ಕವನ ‘ಎಲ್ಲಿಗೆ ಹೊರಟಿರಿ?’ ಎಂಬ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. ಗಂಟೆಗೆ 30 ಕಿಲೋಮೀಟರಿನ ವೇಗದಲ್ಲಿ ಹೋಗುವವನಿಗೆ ಆ ಸೌಜನ್ಯಕ್ಕೆ ಬೇಕಾದಷ್ಟು ಸಮಯವೂ ಇರುತ್ತದೆ.

ಈ ಸರಳ ಬಂಡಿಯ ಹುಟ್ಟಿನಲ್ಲಿ ಒಂದು ವಿಪರ್ಯಾಸವಿದೆ. ಅದನ್ನು ಮುಚ್ಚಿಟ್ಟರೆ ನನ್ನ ವಕಾಲತ್ತು ಪ್ರಾಮಾಣಿಕವಾಗದು. 1913ರಲ್ಲಿ ಹೆನ್ರಿ ಫೋರ್ಡನ ಕಾರ್ಖಾನೆಯಲ್ಲಿ ಚಲಿಸುವ ಜೋಡಣೆಯ ಸಾಲು ಆರಂಭವಾಯಿತು. ಕೆಲಸಗಾರ ನಿಂತಲ್ಲೇ ನಿಲ್ಲುವನು; ಕಾರು ಅವನ ಮುಂದೆ ಸಾಗಿ ಬರುವುದು; ಅವನು ತನ್ನ ಪಾಲಿನ ಬೋಲ್ಟನ್ನು ಬಿಗಿಯುವನು; ಅಷ್ಟರಲ್ಲಿ ಮುಂದಿನ ಕಾರು. ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಜೋಡಣೆ ಮರುವರ್ಷವೇ 93 ನಿಮಿಷಗಳಿಗೆ ಇಳಿಯಿತು. ಬೆಲೆ ಇಳಿದುದು ಇದರಿಂದಲೇ. ಆದರೆ ದಿನವಿಡೀ ಒಂದೇ ಬೋಲ್ಟನ್ನು ಬಿಗಿಯುವ ಬಾಳು ಮನುಷ್ಯನಿಗೆ ಸಹ್ಯವಾಗುವುದೆ? ಜನ ತಂಡತಂಡವಾಗಿ ಕೆಲಸ ಬಿಟ್ಟುಹೋದರು. ಅವರನ್ನು ಹಿಡಿದಿಡಲು ಫೋರ್ಡನು 1914ರ ಜನವರಿಯಲ್ಲಿ ದಿನಗೂಲಿಯನ್ನು 5 ಡಾಲರಿಗೆ ಏರಿಸಬೇಕಾಯಿತು. ಯಜಮಾನನಿಗೆ ಎಲ್ಲವನ್ನೂ ತೆರೆದು ತೋರಿಸುವ ಈ ಯಂತ್ರ, ತನ್ನನ್ನು ತಯಾರಿಸಿದವನಿಗೆ ಒಂದು ಬೋಲ್ಟಿಗಿಂತ ಹೆಚ್ಚನ್ನು ತೋರಿಸಲಿಲ್ಲ. ಇನ್ನು ಫೋರ್ಡನ ಗುಣಗಾನ ಮಾಡುವ ಇಚ್ಛೆಯಂತೂ ನನಗಿಲ್ಲ. 1920ರ ದಶಕದಲ್ಲಿ ತನ್ನ ಪತ್ರಿಕೆಯ ಮೂಲಕ ಯೆಹೂದಿಗಳ ವಿರುದ್ಧ ಅವನು ಹರಡಿದ ದ್ವೇಷವನ್ನು ಯಾವ ಕಾರೂ ತೊಳೆಯಲಾರದು.

ಈ ವಿಪರ್ಯಾಸಕ್ಕೆ ಎಲ್ಲಾದರೂ ಪರಿಹಾರವಿದ್ದರೆ ಅದು ಜೀರ್ಣೋದ್ಧಾರದಲ್ಲಿದೆ ಎಂಬುದು ನನಗೆ ತಿಳಿದುದು, ಪಟೇಲರ ಮೊಮ್ಮಗನ ದೆಸೆಯಿಂದ. ಆತ ನನ್ನ ಶಿಷ್ಯ. ವ್ಯಾಕರಣದಲ್ಲಿ ಸಾಧಾರಣ, ಕೈಕೆಲಸದಲ್ಲಿ ಜಾಣ. ಗುಜರಿಯವನು ತೂಕದ ಲೆಕ್ಕದಲ್ಲಿ ಕೇಳಿದಾಗ ಕೊಡದೆ, ಕೋಳಿಯ ಆ ಕಾರನ್ನು ಲಾರಿಗೆ ಏರಿಸಿ ಶಿವಮೊಗ್ಗದ ಒಬ್ಬ ಹಳೆಯ ಮೇಸ್ತ್ರಿಯ ಬಳಿಗೆ ಒಯ್ದ. ಎಂಬತ್ತರ ಹತ್ತಿರದ ಆ ಹಿರಿಯರನ್ನು ನೋಡಲು ನಾನು ಆಗಾಗ ಹೋಗುತ್ತಿದ್ದೆ. ಕಾರನ್ನು ಅವರು ಕೊನೆಯ ಮೊಳೆಯವರೆಗೆ ಬಿಚ್ಚಿ, ಗೋಣಿಚೀಲಗಳ ಮೇಲೆ ಹರಡಿದ್ದರು. ಅದು ಮತ್ತೆ ಕಾರಾದೀತೆಂದು ನನಗೆ ನಂಬಿಕೆಯಿರಲಿಲ್ಲ.

“ಇಷ್ಟನ್ನೂ ನೆನಪಿಟ್ಟುಕೊಳ್ಳುವುದು ಹೇಗೆ, ಮೇಸ್ತ್ರಿಗಳೇ?” ಎಂದು ಕೇಳಿದೆ.

“ನೆನಪು ಯಾಕೆ ಮೇಷ್ಟ್ರೇ? ಒಂದೊಂದು ಸಾಮಾನೂ ತನ್ನ ಜಾಗ ತಾನೇ ಹೇಳುತ್ತೆ. ನಾವು ಸುಮ್ಮನಿದ್ದು ಕೇಳಬೇಕು” ಎಂದರು.

ಎಂಜಿನ್ನಿನ ದಂಡವು ತಿರುಗುವ ಆಸರೆಗಳಲ್ಲಿ ಬ್ಯಾಬಿಟ್ ಎಂಬ ಮೆತ್ತನೆಯ ಲೋಹದ ಲೇಪವಿರುತ್ತದೆ. ಅದು ತವರಕ್ಕೆ ತಾಮ್ರ, ಆಂಟಿಮನಿಗಳನ್ನು ಬೆರೆಸಿದ ಮಿಶ್ರಣ. ಸವೆದಾಗ ಹಳೆಯದನ್ನು ಕರಗಿಸಿ ತೆಗೆದು ಹೊಸದನ್ನು ಎರಕ ಹೊಯ್ಯಬೇಕು. ಎರೆಯುವಾಗ ಕಾವು ಕಡಿಮೆಯಾದರೆ ಹಿಡಿಯುವುದಿಲ್ಲ, ಹೆಚ್ಚಾದರೆ ಕೆಡುತ್ತದೆ. ಬಳಿಕ ದಂಡಕ್ಕೆ ನೀಲಿ ಬಣ್ಣ ಸವರಿ, ಕೂರಿಸಿ, ತಿರುಗಿಸಿ, ಬಣ್ಣ ಅಂಟಿದ ಉಬ್ಬುಗಳನ್ನು ಅಲಗಿನಿಂದ ಕೂದಲೆಳೆಯಷ್ಟು ಹೆರೆಯಬೇಕು. ಮತ್ತೆ ಬಣ್ಣ, ಮತ್ತೆ ಹೆರೆತ. ಮೇಸ್ತ್ರಿಗಳು ಈ ಕೆಲಸದಲ್ಲಿ ನಾಲ್ಕು ದಿನ ಕಳೆದುದನ್ನು ನಾನು ಕಣ್ಣಾರೆ ಕಂಡೆ. ಅವರ ಬೆರಳುಗಳು ಆ ಲೋಹದ ಮೇಲೆ ಸರಿಯುತ್ತಿದ್ದಾಗ, ಒಂದು ಶತಮಾನದ ಕೆಳಗೆ ಸಾವಿರಾರು ಮೈಲಿ ದೂರದಲ್ಲಿ ಸಾಲಾಗಿ ನಿಂತಿದ್ದ ಆ ಕೆಲಸಗಾರರ ನೆನಪಾಯಿತು. ಅವರಲ್ಲಿ ಯಾರೂ ಈ ಕಾರನ್ನು ಇಡಿಯಾಗಿ ಕಟ್ಟಿರಲಿಲ್ಲ. ಇಡಿಯಾಗಿ ಕಟ್ಟಿದ ಮೊದಲಿಗ ಈ ಮುದುಕ. ಜೀರ್ಣೋದ್ಧಾರಗೊಂಡ ಹಳೆಯ ಕಾರನ್ನು ಕಂಡು ಜನ ಬೀದಿಯಲ್ಲಿ ನಿಂತು ಮುಗುಳ್ನಗುವುದಕ್ಕೆ ಅದರ ಪ್ರಾಯವಾಗಲಿ ಹೊಳಪಾಗಲಿ ಕಾರಣವೆಂದು ನನಗನಿಸದು. ಒಬ್ಬ ಮನುಷ್ಯನು ಪೂರ್ತಿಯಾಗಿ ಅರಿತು, ಪೂರ್ತಿಯಾಗಿ ಕೈಯಾಡಿಸಿದ ವಸ್ತು ಅದು. ಅಂಥವು ನಮ್ಮ ಬೀದಿಗಳಲ್ಲಿ ಈಗ ಅಪರೂಪ.

ಹೊಳಪಿನ ಮಾತು ಬಂದುದರಿಂದ ಒಂದು ಜಗಳವನ್ನು ಇಲ್ಲಿಯೇ ಆಡಿ ಮುಗಿಸುತ್ತೇನೆ. ಜೀರ್ಣೋದ್ಧಾರವೆಂದರೆ ಹೊಸದು ಮಾಡುವುದೆಂದು ತಿಳಿದ ಸಿರಿವಂತರು ಕೆಲವರಿದ್ದಾರೆ. ಕಾರ್ಖಾನೆಯಿಂದ ಬಂದ ದಿನವೂ ಆ ಕಾರಿಗೆ ಇಲ್ಲದಿದ್ದ ಮೆರುಗನ್ನು ಅದಕ್ಕೆ ಬಳಿಯುತ್ತಾರೆ. ಹಿತ್ತಾಳೆ ಇರಬೇಕಾದಲ್ಲಿ ಕ್ರೋಮಿಯಂ ಹೊಳೆಯುತ್ತದೆ. ನಮ್ಮ ಊರುಗಳಲ್ಲಿ ಹಳೆಯ ಗುಡಿಯ ಕಲ್ಲುಕಂಬಗಳಿಗೆ ಎಣ್ಣೆಬಣ್ಣ ಬಳಿದು, ನೆಲಕ್ಕೆ ನುಣುಪು ಟೈಲು ಹಾಸಿ, ಗೋಡೆಯ ಮೇಲೆ ದಾನಿಗಳ ಹೆಸರು ಕೆತ್ತಿಸುವ ಭಕ್ತರಿಗೂ ಇವರಿಗೂ ಭೇದವಿಲ್ಲ. ನನ್ನ ಶಿಷ್ಯನಿಗೂ ಒಮ್ಮೆ ಈ ಆಸೆ ಹುಟ್ಟಿತು. ಆ ತಗಡಿನ ತಗ್ಗನ್ನು ಬಡಿದು ಸಮ ಮಾಡಿ ಎಂದ. ಮೇಸ್ತ್ರಿಗಳು ಒಪ್ಪಲಿಲ್ಲ. “ನಿಮ್ಮ ಮುತ್ತಜ್ಜ ‘ಹೋ’ ಅಂದಿದ್ದು ಇಲ್ಲಿ ಬರೆದಿದೆ ಸ್ವಾಮಿ. ಅಳಿಸೋದಾದರೆ ಬೇರೆಯವರ ಹತ್ತಿರ ಹೋಗಿ” ಎಂದರು. ತಗ್ಗು ಉಳಿಯಿತು. ತುಕ್ಕು ಮಾತ್ರ ಹೋಯಿತು.

ಗುಡಿಯ ಹೋಲಿಕೆಯನ್ನು ಇನ್ನೂ ಒಂದು ಹೆಜ್ಜೆ ಮುಂದುವರಿಸಬಹುದು. ಜೀರ್ಣೋದ್ಧಾರವಾದ ಗುಡಿಯಲ್ಲಿ ದೀಪ ಹಚ್ಚಬೇಕು; ಜೀರ್ಣೋದ್ಧಾರವಾದ ಕಾರು ಓಡಬೇಕು. ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ದೊಡ್ಡ ಸಂಗ್ರಹವೊಂದಿದೆ. ಶಾಲೆಯ ಪ್ರವಾಸಗಳಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ ಬೆಲೆಯದಲ್ಲ, ಇಸವಿಯದಲ್ಲ. “ಸಾರ್, ಇದು ಓಡುತ್ತದೆಯೇ?” ಆ ಪ್ರಶ್ನೆಯಲ್ಲಿ ಎಲ್ಲವೂ ಇದೆ. ಇಂಗ್ಲೆಂಡಿನಲ್ಲಿ ಮೋಟಾರುಗಳ ವೇಗದ ಮಿತಿಯನ್ನು ಗಂಟೆಗೆ 14 ಮೈಲಿಗೆ ಏರಿಸಿದ ಸಂತೋಷಕ್ಕಾಗಿ 1896ರ ನವೆಂಬರಿನಲ್ಲಿ ಲಂಡನ್ನಿನಿಂದ ಬ್ರೈಟನ್ನಿಗೆ ಕಾರುಗಳ ಓಟವೊಂದು ನಡೆಯಿತು. 1927ರಲ್ಲಿ ಅದನ್ನು ಮತ್ತೆ ಆರಂಭಿಸಿದರು. 1905ಕ್ಕೆ ಮೊದಲು ತಯಾರಾದ ಕಾರುಗಳಿಗಷ್ಟೇ ಅಲ್ಲಿ ಪ್ರವೇಶ. ನವೆಂಬರಿನ ಚಳಿಯಲ್ಲಿ ನೂರಾರು ತೆರೆದ ಬಂಡಿಗಳು ಕೆಮ್ಮುತ್ತ, ಹೊಗೆಯುಗುಳುತ್ತ, ಸುಮಾರು 60 ಮೈಲಿ ತೆವಳುತ್ತವೆ. ಕೆಲವು ನಡುದಾರಿಯಲ್ಲೇ ಕೈಕೊಡುತ್ತವೆ. ಕೈಕೊಟ್ಟ ಬಂಡಿಯ ಕೆಳಗೆ ಬೆನ್ನಡಿಯಾಗಿ ಮಲಗಿ, ಸ್ಪ್ಯಾನರು ಹಿಡಿದು ಗುನುಗುವ ಯಜಮಾನನೇ ನನಗೆ ಆ ಓಟದ ನಿಜವಾದ ವಿಜೇತನೆನಿಸುತ್ತಾನೆ.

ನಮ್ಮ ಕೇಂದ್ರ ಸರ್ಕಾರವೂ 2021ರಲ್ಲಿ, 50 ವರ್ಷ ದಾಟಿ ಮೂಲರೂಪದಲ್ಲೇ ಉಳಿದಿರುವ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ವ್ಯವಸ್ಥೆ ಮಾಡಿತು. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ದುರಸ್ತಿ ಮುಂತಾದವಕ್ಕಾಗಿ ಅವು ರಸ್ತೆಗಿಳಿಯಬಹುದು, ದಿನಬಳಕೆಗೆ ಕೂಡದು. ಇದು ವಿವೇಕದ ನಿಯಮ. ಹಳೆಯ ಕಾರುಗಳು ಹೊಗೆಯುಗುಳುತ್ತವೆ ಎಂಬ ಆಕ್ಷೇಪವನ್ನು ನಾನು ಅಲ್ಲಗಳೆಯುವುದಿಲ್ಲ. ಟಿ ಮಾದರಿಯ ಬ್ರೇಕನ್ನು ನಂಬಿ ಇಂದಿನ ಹೆದ್ದಾರಿಗೆ ಇಳಿಯುವುದು ಆತ್ಮಹತ್ಯೆಗೆ ಸಮಾನ. ಆದರೆ ವರ್ಷಕ್ಕೆ ನಾಲ್ಕು ದಿನ ಓಡುವ ಬಂಡಿಯಿಂದ ಊರಿನ ಗಾಳಿ ಕೆಟ್ಟಿತೆನ್ನುವವರು, ತಾವು ಎರಡು ಫರ್ಲಾಂಗು ದೂರದ ಅಂಗಡಿಗೆ ಹೇಗೆ ಹೋಗುತ್ತಾರೆಂಬುದನ್ನೂ ಹೇಳಬೇಕು.

ಇದು ಹಣವಂತರ ಖಯಾಲಿ ಎನ್ನುವವರ ಮಾತಿನಲ್ಲಿ ಹೆಚ್ಚು ಸತ್ಯವಿದೆ. ಖರ್ಚು ಮಾಡುವವರು ಹಣವಂತರೇ. ಆದರೆ ಆ ಹಣ ಯಾವ ವಿದ್ಯೆಯನ್ನು ಉಳಿಸುತ್ತದೆ ಎಂಬುದನ್ನೂ ನೋಡಬೇಡವೆ? ಅಮೆರಿಕದ ಡಿಯರ್‌ಬಾರ್ನಿನಲ್ಲಿ ಹೆನ್ರಿ ಫೋರ್ಡನ ಹೆಸರಿನ ದೊಡ್ಡ ವಸ್ತುಸಂಗ್ರಹಾಲಯವಿದೆ. ಫೋರ್ಡನು 1941ರಲ್ಲಿ ಗಾಂಧೀಜಿಯವರಿಗೆ ಮೆಚ್ಚುಗೆಯ ಪತ್ರವೊಂದನ್ನು ಬರೆದನು. ಉತ್ತರವಾಗಿ ಗಾಂಧೀಜಿ ತಮ್ಮ ಸಹಿಯುಳ್ಳ ಚರಕವೊಂದನ್ನು ಕಳುಹಿಸಿಕೊಟ್ಟರು. ಅದು ಈಗ ಆ ಸಂಗ್ರಹಾಲಯದ ಸ್ವತ್ತು. ಜಗತ್ತನ್ನು ಯಂತ್ರಕ್ಕೆ ಕಟ್ಟಿದವನ ಮನೆಯಲ್ಲಿ, ಯಂತ್ರದ ದಾಸ್ಯವನ್ನು ವಿರೋಧಿಸಿದವರ ಯಂತ್ರ! ನಕ್ಕು ಮುಂದೆ ಹೋಗಬಹುದು. ಆದರೆ ಚರಕಕ್ಕೂ ಟಿ ಮಾದರಿಗೂ ಒಂದು ದೂರದ ನೆಂಟಸ್ತನವಿದೆ: ಎರಡನ್ನೂ ನಡೆಸುವವನೇ ಬಿಚ್ಚಿ ಸರಿಮಾಡಿಕೊಳ್ಳಬಲ್ಲ.

ನನ್ನ ಆತಂಕವಿರುವುದು ಕಾರುಗಳ ಬಗೆಗಲ್ಲ. ಅವುಗಳ ಬಿಡಿಭಾಗಗಳು ಅಮೆರಿಕದಲ್ಲಿ ಇಂದಿಗೂ ಹೊಸದಾಗಿ ತಯಾರಾಗುತ್ತವೆ. ಹಣ ಕೊಟ್ಟರೆ ಮನೆಬಾಗಿಲಿಗೆ ಬರುತ್ತವೆ. ಬಾರದಿರುವುದು ಬ್ಯಾಬಿಟ್ಟಿನ ಕಾವನ್ನು ಅದರ ಬಣ್ಣ ನೋಡಿಯೇ ಹೇಳುವ ಕಣ್ಣು. ಮೇಸ್ತ್ರಿಗಳ ಮಗ ಮೊಬೈಲು ಫೋನುಗಳ ಅಂಗಡಿ ಇಟ್ಟಿದ್ದಾನೆ, ಅದು ತಪ್ಪಲ್ಲ. ತರಬೇತಿ ಸಂಸ್ಥೆಗಳ ಹುಡುಗರು ಒಬ್ಬಿಬ್ಬರು ಬಂದರಂತೆ. ಸರ್ಟಿಫಿಕೇಟು ಕೊಡುವಿರಾ ಎಂದು ಕೇಳಿ ಹೋದರಂತೆ. ಒಂದು ಕಾರನ್ನು ಎಬ್ಬಿಸಲು ಲಕ್ಷಗಳನ್ನು ಸುರಿಯುವವರು, ಆ ಲಕ್ಷದಲ್ಲಿ ಒಂದು ಪಾಲನ್ನು ಇಬ್ಬರು ಹುಡುಗರ ಎರಡು ವರ್ಷದ ಊಟಕ್ಕೂ ಸಂಬಳಕ್ಕೂ ಏಕೆ ಎತ್ತಿಡಬಾರದು? ನಮ್ಮ ವಿಶ್ವವಿದ್ಯಾನಿಲಯಗಳು ತಾಳೆಗರಿಗಳನ್ನು ಓದಬಲ್ಲವರನ್ನು ಗೌರವದಿಂದ ಕಾಣುತ್ತವೆ. ಯಂತ್ರವನ್ನು ಓದಬಲ್ಲವರ ಮಾತನ್ನು ಯಾರಾದರೂ ಬರೆದಿಟ್ಟುಕೊಳ್ಳುತ್ತಿದ್ದಾರೆಯೆ?

2019ರ ಮಾಗಿಯ ಒಂದು ಬೆಳಗ್ಗೆ ಆ ಕಾರು ನಮ್ಮ ಊರಿಗೆ ಮರಳಿತು. ಊರಬಾಗಿಲಿನ ಕಂಬ ಇನ್ನೂ ಅಲ್ಲಿಯೇ ಇತ್ತು. ಈ ಸಲ ಯಾರೂ ‘ಹೋ’ ಎನ್ನಬೇಕಾಗಲಿಲ್ಲ. ನನ್ನನ್ನು ಹಿಂದಿನ ಆಸನದಲ್ಲಿ, ಹಿಂದೆ ಕೋಳಿ ಇರುತ್ತಿದ್ದ ಜಾಗದಲ್ಲಿಯೇ ಕೂರಿಸಿದರು. ಶಾಲೆಯ ಹಿಂದಿನ ಗುಡ್ಡದ ದಾರಿಯಲ್ಲಿ ಅರ್ಧ ಏರುವಷ್ಟರಲ್ಲಿ ಎಂಜಿನ್ನು ಎರಡು ಸಲ ಬಿಕ್ಕಿ ನಿಂತುಹೋಯಿತು. ಮೇಸ್ತ್ರಿಗಳು ಆಸನವನ್ನೆತ್ತಿಸಿ ಕಡ್ಡಿ ಅದ್ದಿ ನೋಡಿದರು. ಪೆಟ್ರೋಲು ಇತ್ತು, ಮುಂದಕ್ಕೆ ಹರಿಯಲು ಇಳಿಜಾರಿರಲಿಲ್ಲ. ಹುಡುಗರು ಸೇರಿ ಗಾಡಿಯನ್ನು ತಿರುಗಿಸಿದರು. ಇನ್ನು ಹಿಮ್ಮುಖವಾಗಿ ಹತ್ತಬೇಕು. ನನ್ನ ಶಿಷ್ಯನ ಮಗಳು, ಹತ್ತನೆಯ ತರಗತಿಯ ಹುಡುಗಿ, ಮುಂದೆ ಬಂದು ನಿಂತು ಮೇಸ್ತ್ರಿಗಳನ್ನೇ ನೋಡುತ್ತಿದ್ದಳು. ಅವರು ಕಿಡಿಯ ಹಿಡಿಯನ್ನು ಸರಿಯಾಗಿ ಹಿಂದಕ್ಕಿಟ್ಟು, ಕೆಳಗಿಳಿದು, ತಿರುಗಿಸುವ ಹ್ಯಾಂಡಲನ್ನು ಆಕೆಯ ಕೈಗೆ ಕೊಟ್ಟರು.

“ಹೆಬ್ಬೆರಳು ಆಚೆ ಸುತ್ತಬೇಡಮ್ಮ, ಬೆರಳುಗಳ ಜೊತೆಗೇ ಇರಲಿ. ತಿರುಗಿ ಒದ್ದರೆ ಕೈ ಮುರಿಯುತ್ತೆ. ಕೆಳಗಿಂದ ಮೇಲಕ್ಕೆ ಎಳಿ, ಒತ್ತಬೇಡ. ಹಾಂ, ಈಗ.”

ಮೂರನೆಯ ಎಳೆತಕ್ಕೆ ಎಂಜಿನ್ನು ಹಿಡಿದುಕೊಂಡಿತು.